ಅಂಗೈ ಮೇಲಿನ ಸಾಮಾನು ಗಾಡಿ

ಹವ್ಯಾಸವೆಂಬುದು ಬಿಡುವಿನ ವೇಳೆಯನ್ನು ಕಳೆಯುವ ಒಂದು ಸಾಧನ ಮಾತ್ರವೆಂದು ಬಹುಜನರು ಭಾವಿಸುತ್ತಾರೆ. ಅಂಚೆಚೀಟಿಗಳನ್ನು ಕೂಡಿಡುವವರನ್ನೂ ಹಳೆಯ ನಾಣ್ಯಗಳನ್ನು ಅರಸುವವರನ್ನೂ ಲೋಕವು ಒಂದು ಮುಗುಳ್ನಗೆಯಿಂದ ನೋಡಿ ಮುಂದೆ ಸಾಗುತ್ತದೆ. ಆದರೆ ಮನುಷ್ಯನು ಹೊಟ್ಟೆಪಾಡಿಗಾಗಿ ಮಾಡುವ ಕೆಲಸಕ್ಕಿಂತ, ಯಾರ ಒತ್ತಾಯವೂ ಇಲ್ಲದೆ ತನ್ನ ಸಂತೋಷಕ್ಕಾಗಿ ಮಾಡುವ ಕೆಲಸದಲ್ಲಿಯೇ ಅವನ ನಿಜವಾದ ಶ್ರದ್ಧೆಯು ಪ್ರಕಟವಾಗುವುದುಂಟು. ಇಂತಹ ಶ್ರದ್ಧೆಗೆ ಒಂದು ಅಪರೂಪದ ನಿದರ್ಶನವು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ದೊರೆಯುತ್ತದೆ. ಅಲ್ಲಿ ಉಗಿ ಎಂಜಿನ್ನುಗಳ ಕಾಲದ ಸಾಮಾನು ಗಾಡಿಗಳನ್ನು ಅಳತೆ ತಪ್ಪದಂತೆ ಪುಟ್ಟ ಗಾತ್ರದಲ್ಲಿ ಮತ್ತೆ ನಿರ್ಮಿಸುವುದನ್ನೇ ವ್ರತವಾಗಿ ಕೈಗೊಂಡ ಹವ್ಯಾಸಿಗಳು ಅನೇಕರಿದ್ದಾರೆ. ಇದು ವಯಸ್ಸಾದವರ ಆಟಿಕೆಯೇ, ಅಥವಾ ಇತಿಹಾಸದ ಒಂದು ಗಂಭೀರವಾದ ಅಧ್ಯಯನವೇ? ಈ ಪ್ರಶ್ನೆಯು ಮೇಲುನೋಟಕ್ಕೆ ಕಾಣುವಷ್ಟು ಹಗುರವಾದುದಲ್ಲ.

ಮೊದಲು ಆ ಹವ್ಯಾಸದ ಸ್ವರೂಪವನ್ನು ತಿಳಿಯೋಣ. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿಯ ಪ್ರಮಾಣಕ್ಕೆ ‘ಎಚ್‌ಓ’ ಎಂದು ಹೆಸರು. ಇದರಲ್ಲಿ ನಿಜವಾದ ಗಾಡಿಯ 1 ಅಡಿಯು 3.5 ಮಿಲಿಮೀಟರಿಗೆ ಇಳಿಯುತ್ತದೆ. ಎಂದರೆ ಮಾದರಿಯು ಮೂಲದ ಸುಮಾರು 87ನೆಯ ಒಂದು ಪಾಲು. 40 ಅಡಿ ಉದ್ದದ ಗಾಡಿಯು 14 ಸೆಂಟಿಮೀಟರಾಗಿ ಅಂಗೈಯ ಮೇಲೆ ಕುಳಿತುಕೊಳ್ಳುತ್ತದೆ. 33 ಅಂಗುಲ ವ್ಯಾಸದ ಉಕ್ಕಿನ ಚಕ್ರವು ಒಂದು ಸೆಂಟಿಮೀಟರಿಗಿಂತಲೂ ಕಿರಿದಾಗುತ್ತದೆ. 1 ಅಂಗುಲದ ರಿವೆಟಿನ ತಲೆಯಂತೂ ಮಿಲಿಮೀಟರಿನ ಮೂರನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಈ ಹವ್ಯಾಸಕ್ಕೆ ಮೀಸಲಾದ ‘ಮಾಡೆಲ್ ರೈಲ್‌ರೋಡರ್’ ಎಂಬ ಪತ್ರಿಕೆಯು 1934ರಲ್ಲಿ ಪ್ರಾರಂಭವಾಯಿತು. ಮರುವರ್ಷವೇ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಎಂಬ ಸಂಘವು ಸ್ಥಾಪನೆಗೊಂಡಿತು. ಒಬ್ಬನು ಮಾಡಿದ ಗಾಡಿಯು ಮತ್ತೊಬ್ಬನ ಹಳಿಯ ಮೇಲೂ ತೊಡಕಿಲ್ಲದೆ ಓಡುವಂತೆ ಚಕ್ರ ಮತ್ತು ಹಳಿಗಳ ಅಳತೆಗಳನ್ನು ಗೊತ್ತುಪಡಿಸಿದ್ದು ಆ ಸಂಘದ ಮುಖ್ಯವಾದ ಸಾಧನೆ.

ರೈಲಿನ ವಿಷಯವೆಂದೊಡನೆ ಎಲ್ಲರ ಕಣ್ಣಿಗೆ ಕಟ್ಟುವುದು ಎಂಜಿನ್ನು. ಅದರ ಹೊಗೆ, ಅದರ ಕೂಗು, ಅದರ ಭಾರವಾದ ಉಸಿರು ಇವು ಕವಿಗಳನ್ನೂ ಮಕ್ಕಳನ್ನೂ ಒಂದೇ ಸಮನಾಗಿ ಸೆಳೆದಿವೆ. ಮೈಸೂರಿನಲ್ಲಿ 1979ರಲ್ಲಿ ಸ್ಥಾಪನೆಗೊಂಡ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋದವರು ಉಗಿ ಎಂಜಿನ್ನುಗಳ ಮುಂದೆಯೂ, 1899ರ ಮಹಾರಾಣಿಯವರ ಸಲೂನ್ ಗಾಡಿಯ ಮುಂದೆಯೂ ಹೆಚ್ಚು ಹೊತ್ತು ನಿಲ್ಲುವುದು ಸಹಜವೇ ಆಗಿದೆ. ವೈಭವವು ತನ್ನ ಕಡೆಗೆ ದೃಷ್ಟಿಯನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ಸಾಮಾನು ಗಾಡಿಗೆ ಆ ಭಾಗ್ಯವಿಲ್ಲ. ಕೆಮ್ಮಣ್ಣಿನ ಬಣ್ಣ ಬಳಿದ, ಮಸಿ ಹಿಡಿದ ಆ ಪೆಟ್ಟಿಗೆಯನ್ನು ನಿಂತು ನೋಡುವವರು ಯಾರು? ಆದರೆ ಲೆಕ್ಕವು ಬೇರೊಂದು ಮಾತನ್ನು ಹೇಳುತ್ತದೆ. 1920ರ ಸುಮಾರಿನಲ್ಲಿ ಅಮೆರಿಕದ ರೈಲುಮಾರ್ಗಗಳಲ್ಲಿ 60,000ಕ್ಕೂ ಹೆಚ್ಚು ಎಂಜಿನ್ನುಗಳಿದ್ದರೆ, ಸಾಮಾನು ಗಾಡಿಗಳು 20 ಲಕ್ಷಕ್ಕೂ ಮಿಕ್ಕಿದ್ದುವು. ಆ ದೇಶಕ್ಕೆ ಅನ್ನವನ್ನೂ ಇದ್ದಿಲನ್ನೂ ಮನೆ ಕಟ್ಟುವ ಮರವನ್ನೂ ಹೊತ್ತು ತಂದವು ಈ ಹೆಸರಿಲ್ಲದ ಗಾಡಿಗಳೇ. ಎಂಜಿನ್ನನ್ನು ಬಿಟ್ಟು ಅದರ ಹಿಂದಿನ ಗಾಡಿಯ ಮೇಲೆ ಮನಸ್ಸಿಟ್ಟ ಹವ್ಯಾಸಿಯು ಅರಿತೋ ಅರಿಯದೆಯೋ ಒಂದು ನ್ಯಾಯವನ್ನು ಸಲ್ಲಿಸುತ್ತಿದ್ದಾನೆ.

ಈ ಗಾಡಿಗಳ ಬದುಕು ಎಂಜಿನ್ನಿನ ಬದುಕಿಗಿಂತ ಭಿನ್ನವಾದುದು. ಎಂಜಿನ್ನು ಸಾಮಾನ್ಯವಾಗಿ ತನ್ನ ಒಡೆಯನ ಹಳಿಯನ್ನು ಬಿಟ್ಟು ಹೋಗುವುದಿಲ್ಲ. ಸಾಮಾನು ಗಾಡಿಯಾದರೋ ದೇಶಸಂಚಾರಿ. ಅಮೆರಿಕದಲ್ಲಿ ರೈಲುಮಾರ್ಗಗಳು ನೂರಾರು ಖಾಸಗಿ ಸಂಸ್ಥೆಗಳ ಕೈಯಲ್ಲಿದ್ದವು. ದಕ್ಷಿಣದ ರಾಜ್ಯಗಳ ಅಗಲವಾದ ಹಳಿಗಳನ್ನು 1886ರ ಮೇ ಕೊನೆ ಮತ್ತು ಜೂನ್ ಮೊದಲಿನಲ್ಲಿ ಸಾವಿರಾರು ಕೂಲಿಗಾರರು ಸೇರಿ ಒಳಕ್ಕೆ ಸರಿಸಿ ಉತ್ತರದ ಹಳಿಗಳೊಂದಿಗೆ ಹೊಂದಿಸಿದ ಮೇಲೆ, ಒಂದು ಸಂಸ್ಥೆಯ ಗಾಡಿಯು ಮತ್ತೊಂದರ ಹಳಿಯ ಮೇಲೆ ದೇಶದ ಈ ಕೊನೆಯಿಂದ ಆ ಕೊನೆಯವರೆಗೆ ಹೋಗುವುದು ಸುಲಭವಾಯಿತು. ಗಾಡಿಯ ಪಕ್ಕದ ಮೇಲೆ ಬರೆದ ಅಕ್ಷರಗಳು ಅದರ ಒಡೆಯನನ್ನು ತಿಳಿಸುತ್ತಿದ್ದವು; ಪರರ ಹಳಿಯ ಮೇಲೆ ಅದು ಕಳೆದ ದಿನಗಳಿಗೆ ಬಾಡಿಗೆ ಸಲ್ಲುತ್ತಿತ್ತು. ಆದುದರಿಂದ ಮೈನ್ ರಾಜ್ಯದ ಒಂದು ಸಣ್ಣ ನಿಲ್ದಾಣದಲ್ಲಿ ನಿಂತವನಿಗೂ ಕ್ಯಾಲಿಫೋರ್ನಿಯದ ಗಾಡಿಯೊಂದು ಕಾಣುವ ಸಂಭವವಿತ್ತು. ಸಾಮಾನು ರೈಲು ಎಂದರೆ ಚಲಿಸುವ ಒಂದು ಭೂಪಟ.

ಹವ್ಯಾಸಿಯ ಬುದ್ಧಿಗೆ ಕೆಲಸವು ಇಲ್ಲಿಂದ ಪ್ರಾರಂಭವಾಗುತ್ತದೆ. ಒಂದು ಊರನ್ನೂ ಒಂದು ವರ್ಷವನ್ನೂ ಅವನು ಆರಿಸಿಕೊಂಡನೆಂದು ಭಾವಿಸೋಣ. ಆ ವರ್ಷ ಆ ಊರಿನ ಮೂಲಕ ಹೋದ ರೈಲಿನಲ್ಲಿ ಯಾವ ಯಾವ ಗಾಡಿಗಳು ಇದ್ದಿರಬೇಕು? ಇದ್ದಿಲು ತುಂಬುವ ಹಾಪರ್ ಗಾಡಿಯು ಗಣಿಯಿಂದ ಬಂದರಿಗೋ ಕಾರ್ಖಾನೆಗೋ ಹೋಗಿ, ಬರಿದಾಗಿ ಗಣಿಗೇ ಹಿಂದಿರುಗುತ್ತದೆ. ಆದುದರಿಂದ ಅದು ತನ್ನ ಸೀಮೆಯನ್ನು ಬಿಟ್ಟು ಬಹುದೂರ ಹೋಗುವುದು ವಿರಳ. ನಾಲ್ಕು ಕಡೆಯೂ ಮುಚ್ಚಿದ ಬಾಕ್ಸ್ ಗಾಡಿಯಾದರೋ ಎಲ್ಲಿ ಇಳಿಸಿದರೆ ಅಲ್ಲಿ ಸಿಕ್ಕಿದ ಸರಕನ್ನು ತುಂಬಿಕೊಂಡು ಮತ್ತೆಲ್ಲಿಗೋ ಹೊರಡಬಲ್ಲುದು. ಬಾಗಿಲಿನ ಒಳಗಡೆ ಹಲಗೆಗಳನ್ನು ಹೊಡೆದರೆ ಅದೇ ಗಾಡಿಯು ಗೋಧಿಯ ಕಣಜವೂ ಆಗುತ್ತಿತ್ತು. ಹಣ್ಣು ತರಕಾರಿಗಳಿಗೆ ಬೇರೆಯೇ ಬಗೆಯ ಶೀತಲ ಗಾಡಿಗಳಿದ್ದವು. ಅವುಗಳ ಎರಡು ತುದಿಗಳಲ್ಲಿಯೂ ಮಂಜುಗಡ್ಡೆಯ ಕೋಣೆಗಳಿದ್ದು, ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ ಮೇಲ್ಛಾವಣಿಯ ಮುಚ್ಚಳಗಳ ಮೂಲಕ ಗಡ್ಡೆಗಳನ್ನು ತುಂಬುತ್ತಿದ್ದರು. ಯೂನಿಯನ್ ಪೆಸಿಫಿಕ್ ಮತ್ತು ಸದರ್ನ್ ಪೆಸಿಫಿಕ್ ಸಂಸ್ಥೆಗಳು ಕೂಡಿ 1906ರಲ್ಲಿ ಸ್ಥಾಪಿಸಿದ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ ಎಂಬುದು ಈ ಕೆಲಸಕ್ಕಾಗಿಯೇ ಹುಟ್ಟಿದ ಸಂಸ್ಥೆ. ಹೀಗೆ ಒಂದು ಪುಟ್ಟ ರೈಲನ್ನು ಸರಿಯಾಗಿ ಜೋಡಿಸಬೇಕಾದರೆ ಬೆಳೆಯ ಕಾಲವನ್ನೂ ಗಣಿಯ ನೆಲೆಯನ್ನೂ ಪೇಟೆಯ ನಡೆಯನ್ನೂ ಅರಿಯಬೇಕು. ಇದನ್ನು ಆಟವೆಂದು ಕರೆಯುವುದಾದರೆ ಅರ್ಥಶಾಸ್ತ್ರದ ಎಷ್ಟೋ ಭಾಗವನ್ನು ಆಟವೆಂದೇ ಕರೆಯಬೇಕಾದೀತು.

ಗಾಡಿಯ ಮೈಯನ್ನು ನೋಡಿದರೂ ಅದರಲ್ಲಿ ಕಾಲದ ಬರಹವಿದೆ. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಅಮೆರಿಕ ಸರ್ಕಾರವು ರೈಲುಮಾರ್ಗಗಳ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡು, 1920ರ ಮಾರ್ಚಿಯವರೆಗೆ ನಡೆಸಿತು. ಆಗ ಕೆಲವೇ ನಿಶ್ಚಿತ ನಕ್ಷೆಗಳಂತೆ ಸುಮಾರು 1 ಲಕ್ಷ ಸಾಮಾನು ಗಾಡಿಗಳನ್ನು ಮಾಡಿಸಿ ಬೇರೆ ಬೇರೆ ಸಂಸ್ಥೆಗಳಿಗೆ ಹಂಚಲಾಯಿತು. ಅವುಗಳಲ್ಲೊಂದು ಬಗೆಯ ಗಾಡಿಯಲ್ಲಿ ಉಕ್ಕಿನ ಓರೆಪಟ್ಟಿಗಳು ಹೊರಗೇ ಕಾಣುವಂತಿದ್ದು, ಅವುಗಳ ಒಳಬದಿಯಲ್ಲಿ ಮರದ ಹಲಗೆಗಳನ್ನು ಜೋಡಿಸಲಾಗಿತ್ತು. ಮುಂದಿನ ದಶಕದಲ್ಲಿ ಪೆನ್ಸಿಲ್ವೇನಿಯ ರೈಲ್‌ರೋಡ್ ಸಂಸ್ಥೆಯು ಪೂರ್ತಿ ಉಕ್ಕಿನ ಗಾಡಿಗಳನ್ನು ಸಾವಿರ ಸಾವಿರವಾಗಿ ಕಟ್ಟಿಸಿತು. ಮರದ ಯುಗವು ಮುಗಿಯಿತೆಂದು ಎಲ್ಲರೂ ಭಾವಿಸುವಷ್ಟರಲ್ಲಿ ಎರಡನೆಯ ಮಹಾಯುದ್ಧವು ಬಂದಿತು. ಉಕ್ಕು ಹಡಗುಗಳಿಗೂ ಟ್ಯಾಂಕುಗಳಿಗೂ ಬೇಕಾಗಿ, ಹೊಸ ಗಾಡಿಗಳ ಪಕ್ಕಗಳು ಮತ್ತೆ ಮರದವಾದುವು. ಒಂದು ಗಾಡಿಯ ಹಲಗೆಯು ಏಕೆ ಮರದ್ದು ಎಂದು ಕೇಳಿದ ಹವ್ಯಾಸಿಗೆ ದೊರೆಯುವ ಉತ್ತರವು ಒಂದು ಯುದ್ಧದ ಇತಿಹಾಸ.

ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ತಟ್ಟಬೇಕಾದ ಮತ್ತೊಂದು ಸಂಗತಿಯಿದೆ. ಗಾಡಿಯ ಪಕ್ಕದಲ್ಲಿಯೂ ತುದಿಯಲ್ಲಿಯೂ ಕಬ್ಬಿಣದ ಸಣ್ಣ ಹಿಡಿಗಳಿರುತ್ತವೆ. ಮಾದರಿಯಲ್ಲಿ ಅವು ಕೂದಲಿನಂತಹ ತಂತಿಗಳು. ಒಂದೊಂದು ಹಿಡಿಗೂ ಎರಡು ಸೂಕ್ಷ್ಮವಾದ ತೂತುಗಳನ್ನು ಕೊರೆದು ಹವ್ಯಾಸಿಯು ಅವನ್ನು ಕೂರಿಸುತ್ತಾನೆ. ನೋಡುವವರಿಗೆ ಇದು ವ್ಯರ್ಥ ಶ್ರಮವೆಂದು ತೋರಬಹುದು. ಆದರೆ ಆ ಹಿಡಿಗಳು ಅಲ್ಲಿಗೆ ಬಂದ ಬಗೆಯನ್ನು ಕೇಳಬೇಕು. ಹಿಂದೆ ಗಾಡಿಗಳನ್ನು ಒಂದಕ್ಕೊಂದು ಕೊಂಡಿ ಮತ್ತು ಗೂಟಗಳಿಂದ ಕೂಡಿಸುತ್ತಿದ್ದರು. ಚಲಿಸಿ ಬರುವ ಎರಡು ಗಾಡಿಗಳ ನಡುವೆ ನಿಂತು ಕೂಲಿಗಾರನು ಗೂಟವನ್ನು ಇಳಿಬಿಡಬೇಕಾಗಿತ್ತು. ಕ್ಷಣಮಾತ್ರ ತಡವಾದರೆ ಬೆರಳು ಹೋಗುತ್ತಿತ್ತು, ಕೆಲವೊಮ್ಮೆ ಪ್ರಾಣವೇ ಹೋಗುತ್ತಿತ್ತು. ಬ್ರೇಕು ಹಾಕುವವನು ಮಳೆಯಲ್ಲಿಯೂ ಹಿಮದಲ್ಲಿಯೂ ಓಡುವ ಗಾಡಿಗಳ ನೆತ್ತಿಯ ಮೇಲೆ ನಡೆದು ಒಂದೊಂದರ ಬ್ರೇಕು ಚಕ್ರವನ್ನೂ ಕೈಯಿಂದ ತಿರುಗಿಸಬೇಕಾಗಿತ್ತು.

ಜಾರ್ಜ್ ವೆಸ್ಟಿಂಗ್‌ಹೌಸನ ಗಾಳಿ ಬ್ರೇಕು 1869ರಲ್ಲಿಯೂ, ಈಲೈ ಜ್ಯಾನಿಯ ತಾನಾಗಿ ಕೂಡಿಕೊಳ್ಳುವ ಕೊಂಡಿಯು 1873ರಲ್ಲಿಯೂ ಬಂದಿದ್ದುವು. ಆದರೂ ಸಾಮಾನು ಗಾಡಿಗಳಿಗೆ ಅವನ್ನು ಅಳವಡಿಸಲು ಒಡೆಯರು ಬಹುಕಾಲ ಹಿಂದೆಗೆದರು. ಅಯೊವಾ ರಾಜ್ಯದ ಲೊರೆಂಜೊ ಕಾಫಿನ್ ಮೊದಲಾದವರು ವರ್ಷಗಟ್ಟಲೆ ಹೋರಾಡಿದ ಮೇಲೆ, 1893ರಲ್ಲಿ ರೈಲ್ವೆ ಸುರಕ್ಷತಾ ಸಾಧನಗಳ ಕಾನೂನು ಜಾರಿಯಾಯಿತು. ಹಿಡಿ, ಏಣಿ, ಮೆಟ್ಟಿಲುಗಳು ಗಾಡಿಯ ಯಾವ ಸ್ಥಳದಲ್ಲಿ ಎಷ್ಟು ಅಳತೆಯಲ್ಲಿ ಇರಬೇಕೆಂಬುದನ್ನು 1911ರ ಆಜ್ಞೆಯು ವಿವರವಾಗಿ ಗೊತ್ತುಪಡಿಸಿತು. ಹಾಗಾದರೆ ಆ ಹಿಡಿಯು ಅಲಂಕಾರವಲ್ಲ. ಅದು ಗಾಯಗೊಂಡ ಕೈಗಳು ಬರೆಯಿಸಿದ ಶಾಸನ. ಅದನ್ನು ಇರಬೇಕಾದ ಸ್ಥಳದಲ್ಲಿಯೇ ಇಡುವೆನೆಂದು ಹಟ ಹಿಡಿಯುವ ಹವ್ಯಾಸಿಯನ್ನು ನೋಡಿ ನಗುವುದು ನ್ಯಾಯವಲ್ಲ.

ಈ ಜ್ಞಾನವನ್ನು ಸಂಪಾದಿಸುವ ಮಾರ್ಗವೂ ಸುಲಭವಾದುದಲ್ಲ. ಅಮೆರಿಕದ ದೊಡ್ಡ ರೈಲುಮಾರ್ಗಗಳಲ್ಲಿ 1960ರ ವೇಳೆಗೆ ಉಗಿ ಎಂಜಿನ್ನಿನ ನಿತ್ಯಸೇವೆಯು ಕೊನೆಗೊಂಡಿತು. ಎಂಜಿನ್ನುಗಳನ್ನಾದರೂ ಕೆಲವರು ಅಕ್ಕರೆಯಿಂದ ಉಳಿಸಿದರು. ಸಾಮಾನು ಗಾಡಿಗಳಲ್ಲಿ ಬಹುಪಾಲು ಗುಜರಿಗೆ ಹೋದುವು. ಉಕ್ಕು ಕುಲುಮೆಗೆ ಸೇರಿತು, ಮರವು ಮಣ್ಣಾಯಿತು. ಉಳಿದಿರುವುವು ಹಾಳೆಗಳು ಮಾತ್ರ. 1879ರಲ್ಲಿ ಮೊದಲು ಪ್ರಕಟವಾದ ‘ಕಾರ್ ಬಿಲ್ಡರ್ಸ್ ಡಿಕ್ಷನರಿ’ ಮತ್ತು ಅದರ ಮುಂದಿನ ಆವೃತ್ತಿಗಳು, ಪ್ರತಿಯೊಂದು ಸಂಸ್ಥೆಯ ಗಾಡಿಗಳ ಸಂಖ್ಯೆ ಮತ್ತು ಅಳತೆಗಳನ್ನು ಪಟ್ಟಿ ಮಾಡಿದ ದಪ್ಪ ದಾಖಲೆಪುಸ್ತಕಗಳು, ಕಾರ್ಖಾನೆಗಳು ತೆಗೆಯಿಸಿದ ಛಾಯಾಚಿತ್ರಗಳು, ಇವುಗಳೇ ಹವ್ಯಾಸಿಗೆ ಆಧಾರ. ಜ್ಯಾಕ್ ಡೆಲಾನೊ ಎಂಬ ಛಾಯಾಗ್ರಾಹಕನು ಸರ್ಕಾರದ ಪರವಾಗಿ 1942 ಮತ್ತು 1943ರಲ್ಲಿ ಷಿಕಾಗೋ ಸುತ್ತಮುತ್ತಲಿನ ರೈಲ್ವೆ ಅಂಗಳಗಳಲ್ಲಿ ತೆಗೆದ ಚಿತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಅವುಗಳಲ್ಲಿ ಕೆಲವು ಬಣ್ಣದವು. ಗಾಡಿಗಳೆಲ್ಲ ಒಂದೇ ಕೆಂಪಿನವೆಂಬ ಭ್ರಮೆಯನ್ನು ಅವು ಹೋಗಲಾಡಿಸುತ್ತವೆ. ಬಿಸಿಲಿಗೆ ಮಾಸಿದುದೊಂದು, ಮಸಿಯಿಂದ ಕಪ್ಪಾದುದೊಂದು, ನಿನ್ನೆ ಬಣ್ಣ ಬಳಿದಂತಿರುವುದು ಇನ್ನೊಂದು.

ಗಾಡಿಯ ಮೇಲಿನ ಬರಹವೂ ಒಂದು ಸಾಕ್ಷಿ. ಗಾಡಿಯನ್ನು ಕಾಲಕಾಲಕ್ಕೆ ತೂಗಿ, ತೂಗಿದ ಸ್ಥಳವನ್ನೂ ತಿಂಗಳು ವರ್ಷಗಳನ್ನೂ ಅದರ ಪಕ್ಕದ ಮೇಲೆ ಬರೆಯುವ ಪದ್ಧತಿಯಿತ್ತು. 1938ರ ಊರನ್ನು ಚಿತ್ರಿಸಿದ ಹವ್ಯಾಸಿಯು 1947ರ ತೂಕದ ಬರಹವಿರುವ ಗಾಡಿಯನ್ನು ಅಲ್ಲಿ ನಿಲ್ಲಿಸಿದರೆ ಅದು ಸುಳ್ಳು ಸಾಕ್ಷಿಯಾಗುತ್ತದೆ. ಬರಿಗಣ್ಣಿಗೆ ಕಷ್ಟದಿಂದ ಕಾಣುವ ಆ ಬರಹವನ್ನು ಯಾರೂ ಪರೀಕ್ಷಿಸಲಾರರು. ಯಾರೂ ಪರೀಕ್ಷಿಸದ ಸ್ಥಳದಲ್ಲಿಯೂ ಸತ್ಯವಾಗಿರುವುದೇ ಪ್ರಾಮಾಣಿಕತೆಯ ನಿಜವಾದ ಒರೆಗಲ್ಲು.

ಈ ಹವ್ಯಾಸದ ಮೇಲೆ ಆಕ್ಷೇಪಣೆಗಳಿಲ್ಲದಿಲ್ಲ. ಮೊದಲನೆಯದು, ಇದು ಕ್ಷುಲ್ಲಕ ವಿವರಗಳ ಮೋಹವೆಂಬುದು. ಇವರನ್ನು ‘ರಿವೆಟ್ ಎಣಿಸುವವರು’ ಎಂದು ಹಾಸ್ಯ ಮಾಡುವ ವಾಡಿಕೆಯು ಅಮೆರಿಕದಲ್ಲಿಯೇ ಉಂಟು. ಈ ಹಾಸ್ಯದಲ್ಲಿ ಸ್ವಲ್ಪ ಸತ್ಯವಿದೆಯೆಂಬುದನ್ನು ಒಪ್ಪಬೇಕು. ಎಣಿಕೆಯು ಏಕೆಂಬ ಪ್ರಶ್ನೆಗೆ ದಾರಿ ಮಾಡಿದರೆ ಅದು ವಿದ್ಯೆ. ಇನ್ನೊಬ್ಬನ ಕೃತಿಯಲ್ಲಿ ಕುಂದನ್ನು ಹುಡುಕಿ ಅವನನ್ನು ತಗ್ಗಿಸುವುದಕ್ಕೆ ಬಳಕೆಯಾದರೆ ಅದು ಅಹಂಕಾರ. ಹೊಸದಾಗಿ ಕೈಹಾಕಿದ ಹುಡುಗನೊಬ್ಬನು ಮಾಡಿದ ಗಾಡಿಯನ್ನು ನೋಡಿ, ಏಣಿಯ ಮೆಟ್ಟಿಲು ಒಂದು ಕಡಿಮೆಯಾಯಿತೆಂದು ಅವನ ಉತ್ಸಾಹವನ್ನೇ ಮುರಿಯುವ ಪಂಡಿತನು ಗಾಡಿಗಳನ್ನು ಬಲ್ಲನೇ ಹೊರತು ಮನುಷ್ಯರನ್ನು ಬಲ್ಲವನಲ್ಲ. ದೋಷವು ನಿಖರತೆಯಲ್ಲಿಲ್ಲ, ನಿಖರತೆಯನ್ನು ಆಯುಧವಾಗಿ ಹಿಡಿಯುವ ಕೈಯಲ್ಲಿದೆ.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಬಲವಾದುದು. ಕಳೆದ ಕಾಲವನ್ನು ಪುಟ್ಟದಾಗಿ, ಅಂದವಾಗಿ, ಮೇಜಿನ ಮೇಲೆ ನಿಲ್ಲಿಸಿದಾಗ ಅದರ ನೋವು ಮರೆಯಾಗುವುದಿಲ್ಲವೇ? ಮಾದರಿಯ ಇದ್ದಿಲಿಗೆ ಧೂಳಿಲ್ಲ. ಮಾದರಿಯ ಮಂಜುಗಡ್ಡೆಯು ಕೈಯನ್ನು ಮರಗಟ್ಟಿಸುವುದಿಲ್ಲ. ಮಾದರಿಯ ಛಾವಣಿಯಿಂದ ಯಾರೂ ಜಾರಿ ಬೀಳುವುದಿಲ್ಲ. ಡೆಲಾನೊವಿನ ಚಿತ್ರಗಳಲ್ಲಿ ಗಾಡಿಗಳಷ್ಟೇ ಮುಖ್ಯವಾಗಿ ಮನುಷ್ಯರಿದ್ದಾರೆ. 1943ರಲ್ಲಿ ಅಯೊವಾದ ಕ್ಲಿಂಟನ್ ಊರಿನ ಎಂಜಿನ್ ಮನೆಯಲ್ಲಿ ಎಂಜಿನ್ನುಗಳನ್ನು ಒರೆಸುವ ಕೆಲಸಕ್ಕೆ ಸೇರಿದ ಹೆಂಗಸರು ಒಟ್ಟಿಗೆ ಕುಳಿತು ಮಧ್ಯಾಹ್ನದ ಊಟ ಮಾಡುತ್ತಿರುವ ಚಿತ್ರವು ಅವುಗಳಲ್ಲೊಂದು. ಗಾಡಿಯ ಪ್ರತಿಯೊಂದು ಹಲಗೆಯನ್ನು ಬಲ್ಲ ಹವ್ಯಾಸಿಯು ಆ ಮುಖಗಳನ್ನು ದಾಟಿ ಹಿಂದಿನ ಗೋಡೆಯ ಬಣ್ಣವನ್ನು ಮಾತ್ರ ನೋಡಿದರೆ, ಅವನ ಕಣ್ಣು ಅರ್ಧ ಮಾತ್ರ ತೆರೆದಿದೆಯೆಂದೇ ಹೇಳಬೇಕು. ನನ್ನ ಅಭಿಪ್ರಾಯದಲ್ಲಿ ಈ ಹವ್ಯಾಸದ ಬೆಲೆಯು ಈ ಒಂದು ಪರೀಕ್ಷೆಯಲ್ಲಿಯೇ ತೀರ್ಮಾನವಾಗುತ್ತದೆ. ಹಿಡಿಯನ್ನು ನೋಡಿ ಅದನ್ನು ಹಿಡಿದ ಕೈಯನ್ನು ನೆನೆಯುವವನಿಗೆ ಇದು ಇತಿಹಾಸ. ಹಿಡಿಯಷ್ಟನ್ನೇ ನೋಡುವವನಿಗೆ ಇದು ಆಟಿಕೆ.

ಮೂರನೆಯ ಆಕ್ಷೇಪಣೆಯು ಈ ಕಾಲಕ್ಕೆ ಸೇರಿದುದು. ಇಂದು ಕಾರ್ಖಾನೆಗಳು ಅತ್ಯಂತ ನಿಖರವಾದ ಗಾಡಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸಿದ್ಧಪಡಿಸಿ ಮಾರುತ್ತವೆ. ಕಂಪ್ಯೂಟರಿನ ನಕ್ಷೆಯಿಂದ ಪದರ ಪದರವಾಗಿ ವಸ್ತುವನ್ನು ಮುದ್ರಿಸುವ ಯಂತ್ರಗಳೂ ಬಂದಿವೆ. ಹೀಗಿರುವಾಗ ರಾಳದಲ್ಲಿ ಎರಕ ಹೊಯ್ದ ಗೋಡೆಗಳನ್ನು ಅರದಿಂದ ಉಜ್ಜಿ, ಮೂಲೆ ಕೂಡಿಸಿ, ತಂತಿ ಬಗ್ಗಿಸಿ, ಬಣ್ಣದ ಪುಡಿಯಿಂದ ಮಸಿ ಹಿಡಿಸುತ್ತ ತಿಂಗಳುಗಳನ್ನು ಕಳೆಯುವುದೇಕೆ? ಸಿದ್ಧವಸ್ತುವನ್ನು ಕೊಂಡವರನ್ನು ಹಳಿಯಬೇಕಾದ ಕಾರಣವಿಲ್ಲ. ಆದರೆ ಕೊಂಡ ಗಾಡಿಯ ಬಗ್ಗೆ ನಮಗೆ ತಿಳಿಯುವುದು ಅದರ ಹೆಸರು. ಕಟ್ಟಿದ ಗಾಡಿಯ ಬಗ್ಗೆ ತಿಳಿಯುವುದು ಅದರ ಕಾರಣ. ಬ್ರೇಕಿನ ಸರಳುಗಳನ್ನು ತಾನೇ ಜೋಡಿಸಿದವನು, ಕೊಳವೆಯ ಗಾಳಿಯು ಹೇಗೆ ಸಿಲಿಂಡರಿಗೆ ಹೋಗಿ ಚಕ್ರವನ್ನು ಒತ್ತುತ್ತದೆಂಬುದನ್ನು ಮರೆಯಲಾರನು. ಮುದ್ರಿಸುವ ಯಂತ್ರಕ್ಕೂ ಮೊದಲು ಯಾರಾದರೂ ಅಳತೆಯನ್ನು ಒದಗಿಸಬೇಕು. ಆ ಅಳತೆಯನ್ನು ಹಳೆಯ ಹಾಳೆಗಳಿಂದ ಹೆಕ್ಕಿ ತೆಗೆದವರು ಕೈಯಿಂದ ಕಟ್ಟುತ್ತಿದ್ದ ಹವ್ಯಾಸಿಗಳೇ ಅಲ್ಲವೇ? ಉಗಿ ಎಂಜಿನ್ನನ್ನು ಅದರ ನಿತ್ಯದ ಕೆಲಸದಲ್ಲಿ ಕಣ್ಣಾರೆ ಕಂಡ ತಲೆಮಾರು ಆ ದೇಶದಲ್ಲಿ ಕ್ಷೀಣಿಸುತ್ತಿದೆ. ಅವರು ಬಲ್ಲುದನ್ನು ಕಿರಿಯರು ಈಗ ಕೇಳಿ ಬರೆದಿಟ್ಟುಕೊಳ್ಳದಿದ್ದರೆ ಮುಂದೆ ಯಾವ ಯಂತ್ರವೂ ಅದನ್ನು ಮುದ್ರಿಸಿ ಕೊಡಲಾರದು.

ಚರಿತ್ರೆಯು ಅರಸರ ಕಿರೀಟಗಳನ್ನು ಕಾಪಾಡಿದಷ್ಟು ಅಕ್ಕರೆಯಿಂದ ಒಕ್ಕಲಿಗನ ನೇಗಿಲನ್ನು ಕಾಪಾಡಲಿಲ್ಲ. ಎತ್ತಿನ ಗಾಡಿಯ ಅಚ್ಚು, ಎಣ್ಣೆಯ ಗಾಣ, ಏತದ ಮರ, ಇವುಗಳ ಅಳತೆಯು ಅವನ್ನು ಮಾಡಿದ ಬಡಗಿಯ ಕೈಯಲ್ಲಿತ್ತು. ಅವನೊಡನೆ ಅದೂ ಹೋಗುತ್ತದೆ. ಅಮೆರಿಕದ ಹವ್ಯಾಸಿಯು ನಮಗೆ ತೋರಿಸಿಕೊಡುವುದು ಆ ದೇಶದ ಗಾಡಿಯನ್ನು ಮಾತ್ರವಲ್ಲ, ಸಾಮಾನ್ಯ ವಸ್ತುವಿನ ಮುಂದೆ ಅಳತೆಯ ಪಟ್ಟಿಯನ್ನು ಹಿಡಿದು ವಿನಯದಿಂದ ಕುಳಿತುಕೊಳ್ಳುವ ಒಂದು ರೀತಿಯನ್ನು. ನಾಡನ್ನು ಹೊತ್ತು ನಡೆದ ವಸ್ತುಗಳು ಒಂದು ದಿನ ಮೂಲೆ ಸೇರುವುದು ಅನಿವಾರ್ಯ. ಅವು ಹೇಗಿದ್ದುವು, ಏಕೆ ಹಾಗಿದ್ದುವು, ಯಾರ ಬೆವರಿನಿಂದ ನಡೆದುವು ಎಂಬುದನ್ನು ಒಬ್ಬನಾದರೂ ತಿಳಿದುಕೊಂಡು ಮುಂದಿನವನ ಕೈಗೆ ಕೊಟ್ಟರೆ ಅವು ಪೂರ್ತಿಯಾಗಿ ಅಳಿದುಹೋಗುವುದಿಲ್ಲ.